ಬುಡ ಸಮೇತ

ಬಿಯಾವಿಸ್ತೋಕ್ ಪಟ್ಟಣದ ಆರೋಗ್ಯ ಕಚೇರಿ, ಒಂಬತ್ತನೇ ಕೋಣೆ.
ಸೆಪ್ಟೆಂಬರ್ ಬಂತೆಂದರೆ ನನ್ನ ಮೇಜಿನ ಮುಂದೆ ಸಾಲು:
ಬುಟ್ಟಿ, ಬಕೆಟ್ಟು, ಮೊಮ್ಮಗನ ಸೈಕಲ್ ಹೆಲ್ಮೆಟ್ಟು,
ಒಳಗೆ ಕಾಡಿನಿಂದ ಆಯ್ದು ತಂದ ಅಣಬೆ.
ತಿನ್ನಬಹುದಾ, ಕೇಳುತ್ತಾರೆ.
ಹೇಳುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷವಾಯಿತು,
ನನ್ನ ಮಾತು ನಂಬಿ ಯಾರೂ ಸತ್ತಿಲ್ಲ.

ಕೊಡೆ ನೋಡಿ ಹೆಸರು ಹೇಳುವವಳಲ್ಲ ನಾನು.
ಚಾಕುವಿನಲ್ಲಿ ನೀಟಾಗಿ ಕುಯ್ದು ತಂದವರನ್ನು
ವಾಪಸು ಅಟ್ಟುತ್ತೇನೆ, ಬೈದರೆ ಬೈಯಲಿ.
ಕೊಲ್ಲುವ ಅಣಬೆಯ ಗುರುತಿರುವುದು ಬುಡದಲ್ಲಿ,
ಮಣ್ಣೊಳಗೆ, ಒಡೆದ ಮೊಟ್ಟೆಯಂಥ ಒಂದು ಚೀಲದಲ್ಲಿ.
ಅದನ್ನೇ ಕಾಡಲ್ಲಿ ಬಿಟ್ಟು ಬಂದಿರುತ್ತಾರೆ ಪುಣ್ಯಾತ್ಮರು.

ನನಗೆ ಮಾತ್ರ ಎಲ್ಲರೂ ಕೊಡೆ ನೋಡಿಯೇ ಹೆಸರಿಟ್ಟರು.

ಮೊದಲನೆಯವರು ಏಳು ನಿಮಿಷದಲ್ಲಿ: ಖಿನ್ನತೆ.
ಬಿಳಿ ಮಾತ್ರೆ, ಬೆಳಗ್ಗೆ ತಿಂಡಿಯಾದ ಮೇಲೆ ಒಂದು.
ಎರಡನೆಯವರು: ಆತಂಕ. ಉಸಿರಾಡುವುದು ಹೇಗೆಂದು
ಒಂದು ಜೆರಾಕ್ಸ್ ಹಾಳೆ, ಕೊನೆಯ ಸಾಲು ಕತ್ತರಿಸಿಹೋಗಿತ್ತು.
ಮೂರನೆಯವರು ಕನ್ನಡಕದ ಮೇಲಿಂದ ನೋಡಿ
ವಿಚ್ಛೇದನವಾಗಿದೆಯಾ ಎಂದರು. ಆಗಿದೆ ಎಂದೆ.
ಏನೋ ಬರೆದುಕೊಂಡರು, ತೋರಿಸಲಿಲ್ಲ.
ಹಳೆಯ ಅತ್ತೆ ಸೋಮಾರಿ ಅನ್ನುತ್ತಿದ್ದರು.
ಅದಕ್ಕೆ ಫೀಸು ಇರಲಿಲ್ಲ.

ಹೆಸರಿಡುವುದು ಬೇರೆ,
ಗುರುತು ಹಿಡಿಯುವುದು ಬೇರೆ.

ಲಿಪೋವಾ ಬೀದಿ, ಕೀಲಿ ಮಾಡುವ ಅಂಗಡಿಯ ಮೇಲಿನ ಮಹಡಿ.
ಕಲೀನಾ ಸೊಬೂಲ್ ಅಂತ, ವಯಸ್ಸಿನಲ್ಲಿ ನನಗಿಂತ ಚಿಕ್ಕವಳು,
ಸ್ವೆಟರಿನ ಮೊಣಕೈಯಲ್ಲಿ ತೂತು.
ಐವತ್ತು ನಿಮಿಷಕ್ಕೆ ನೂರ ಎಂಬತ್ತು ಜ್ಲೋಟಿ.
ಕೆಳಗೆ ಯಂತ್ರ ಕರಕರ ಕೀಲಿ ಅರೆಯುತ್ತಿತ್ತು.
ನಾನು ಬರೆದು ತಂದಿದ್ದ ಪಟ್ಟಿ ಓದಿದೆ:
ಏಳಲಾಗದ ಬೆಳಗು, ತೊಳೆಯದ ತಲೆ,
ಫೋನು ಬಡಿದುಕೊಂಡರೂ ಎತ್ತದ ಕೈ.
ಕೇಳಿಸಿಕೊಂಡು, ಸ್ವಲ್ಪ ಹೊತ್ತು ಬಿಟ್ಟು, ಕೇಳಿದಳು:
ನಿದ್ದೆ ಮಾಡದೆಯೂ ಸುಸ್ತಾಗದ ರಾತ್ರಿಗಳು ಇದ್ದವಾ?

ಯಾರೂ ಕೇಳಿರಲಿಲ್ಲ.
ಕೇಳುವುದಾದರೂ ಹೇಗೆ, ಬಿದ್ದಾಗ ಮಾತ್ರ ಅಲ್ಲವೇ ನಾನು ಹೋಗಿದ್ದು.
ಖುಷಿ ಜಾಸ್ತಿಯಾಗಿದೆ ಡಾಕ್ಟ್ರೇ ಅಂತ
ಟೋಕನ್ ತಗೊಂಡು ಕೂರುವವರು ಯಾರು?

ಮಾರ್ಚಿನಲ್ಲಿ, ಮೂರು ರಾತ್ರಿ,
ಅಡುಗೆಮನೆಯ ಟೈಲ್ಸಿನ ಸಂದಿಗಳನ್ನು
ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿದ್ದೆ, ಹಾಡಿಕೊಂಡು.
ಸಂತೆಯಲ್ಲಿ ಹನ್ನೊಂದು ಬುಟ್ಟಿ ಕೊಂಡಿದ್ದೆ.
ನಸುಕಿನ ನಾಲ್ಕಕ್ಕೆ ನಿರ್ದೇಶಕರಿಗೆ ಫೋನು ಮಾಡಿ
ಅಣಬೆ ಮ್ಯೂಸಿಯಮ್ಮಿನ ನಕ್ಷೆ ವಿವರಿಸಿದ್ದೆ,
ಮೂರು ಅಂತಸ್ತು, ಲಿಫ್ಟು ಸಮೇತ.
ಅದು ಕಾಯಿಲೆಯೆಂದು ಯಾಕೆ ಅನ್ನಿಸಬೇಕು?
ಅದೇ ನಾನು, ಉಳಿದದ್ದು ರೋಗ ಅಂದುಕೊಂಡಿದ್ದೆ.

ಹಾಗಾದರೆ ಹೆಸರೇನು, ಕೇಳಿದೆ.
ಇವತ್ತು ಹೇಳಲ್ಲ, ಅಂದಳು. ನೋಡಬೇಕು.
ಸಿಟ್ಟು ಬಂತು ನನಗೆ, ಥೇಟ್ ಬುಟ್ಟಿಯವರ ಸಿಟ್ಟು:
ಅಷ್ಟು ದೂರದಿಂದ ಬಂದಿದ್ದೇನೆ, ದುಡ್ಡು ಕೊಟ್ಟಿದ್ದೇನೆ,
ತಿನ್ನಬಹುದೋ ಸಾಯುತ್ತೇನೋ ಅಷ್ಟು ಹೇಳಮ್ಮ.

ಅನುಮಾನ ಬಂದಾಗ ನಾವೊಂದು ಪರೀಕ್ಷೆ ಮಾಡುತ್ತೇವೆ.
ಕೊಡೆಯನ್ನು ಕಾಗದದ ಮೇಲೆ ಬೋರಲು ಹಾಕಿ
ಲೋಟ ಮುಚ್ಚಿ ರಾತ್ರಿಯಿಡೀ ಬಿಡುವುದು.
ಬೆಳಗ್ಗೆ ಕಾಗದದ ಮೇಲೆ ಉದುರಿದ ಪುಡಿಯ ಬಣ್ಣ.
ಬಿಳಿ ಪುಡಿ ಬಿಳಿ ಹಾಳೆಯ ಮೇಲೆ ಕಾಣುವುದಿಲ್ಲ,
ಅದಕ್ಕೇ ಅರ್ಧ ಕಪ್ಪು ಕಾಗದ ಇಡುತ್ತೇವೆ.

ಕಲೀನಾ ಒಂದು ನೋಟ್‌ಬುಕ್ ಕೊಟ್ಟಳು.
ಮಲಗಿದ್ದೆಷ್ಟು, ಎದ್ದದ್ದೆಷ್ಟು. ಚೆನ್ನಾಗಿದ್ದ ದಿನಗಳನ್ನೂ,
ಚೆನ್ನಾಗಿದ್ದ ದಿನಗಳನ್ನೇ, ಬಿಡದೆ ಬರೆಯಿರಿ.
ಮನೋವೈದ್ಯರಿಗೊಂದು ಪತ್ರ.
ಮತ್ತೆ, ಚಿಕ್ಕಂದಿನಿಂದ ನಿಮ್ಮನ್ನು ನೋಡಿದವರು
ಯಾರಾದರೂ ಇದ್ದರೆ ಕೇಳಿಕೊಂಡು ಬನ್ನಿ.

ಬಸ್ ಸ್ಟಾಪಿನಿಂದ ಅಕ್ಕನಿಗೆ ಫೋನು ಮಾಡಿದೆ.
ಬ್ರೋಂಕಾ, ನಾನು ಅತಿಯಾಗಿ ಖುಷಿಯಾಗಿದ್ದದ್ದು
ನೀನು ಯಾವತ್ತಾದರೂ ನೋಡಿದ್ದೀಯಾ?

ಆ ಕಡೆ ತಟ್ಟೆ ತೊಳೆಯುವ ಸದ್ದು ನಿಂತಿತು.
ನಲ್ಲಿ ತಿರುಗಿಸಿದ್ದು ಕೇಳಿಸಿತು.
ಕುರ್ಚಿ ಎಳೆದುಕೊಂಡಿದ್ದೂ.

ಯಾವ ವರ್ಷದಿಂದ ಹೇಳಲಿ, ಅಂದಳು.

ಬಸ್ಸು ಬಂದು ಬಾಗಿಲು ತೆರೆಯಿತು.
ಹತ್ತಲಿಲ್ಲ.